28 ಗಂಟೆಗಳ ಲೆಕ್ಕ ಮತ್ತು ಸಾಲದ ಲೆಕ್ಕ

ಜಪಾನಿನ ಯಾವುದೇ ದೊಡ್ಡ ನಗರದಲ್ಲಿ ನಡುರಾತ್ರಿ ಎರಡು ಗಂಟೆಗೆ ದಿನವಿಡೀ ತೆರೆದಿರುವ ಅಂಗಡಿಯೊಂದನ್ನು ಹೊಕ್ಕರೆ, ಗಲ್ಲಾದ ಹಿಂದೆ ನಿಂತವನು ಜಪಾನೀಯನಾಗಿರದಿರಬಹುದು. ಅವನು ನೇಪಾಳದವನಾಗಿರಬಹುದು, ವಿಯೆಟ್ನಾಮಿನವನಾಗಿರಬಹುದು, ಶ್ರೀಲಂಕಾದ ಅಥವಾ ಬಾಂಗ್ಲಾದೇಶದ ತರುಣನಾಗಿರಬಹುದು. ಆ ದೇಶದ ದಾಖಲೆಗಳಲ್ಲಿ ಅವನು ಕಾರ್ಮಿಕನಲ್ಲ, ಭಾಷೆ ಕಲಿಯಲು ಬಂದ ವಿದ್ಯಾರ್ಥಿ. ಬೆಳಿಗ್ಗೆ ಒಂಬತ್ತಕ್ಕೆ ಅವನು ತರಗತಿಯಲ್ಲಿರಬೇಕು.

ಈ ವಿಷಯವನ್ನು ನಾವು ಇಂದು ಎತ್ತಿಕೊಳ್ಳಲು ಕಾರಣವಿದೆ. 2025ರ ಆಗಸ್ಟ್‌ನಲ್ಲಿ ಭಾರತ ಮತ್ತು ಜಪಾನ್ ಐದು ವರ್ಷಗಳಲ್ಲಿ ಐದು ಲಕ್ಷ ಮಂದಿಯ ವಿನಿಮಯದ ಗುರಿಯನ್ನು ಘೋಷಿಸಿದವು. ಅದರಲ್ಲಿ 50 ಸಾವಿರ ಮಂದಿ ಭಾರತದಿಂದ ತೆರಳುವ ಕುಶಲ ಸಿಬ್ಬಂದಿ. ಇಂಥ ಘೋಷಣೆಗಳ ಬೆನ್ನಿಗೇ ಏಜೆಂಟರೂ ಬರುತ್ತಾರೆ. ಗಲ್ಫ್‌ನ ದಾರಿಯನ್ನೇ ನೆಚ್ಚಿಕೊಂಡು ಮೂರು ತಲೆಮಾರು ಕಳೆದಿರುವ ನಮ್ಮ ಪಟ್ಟಣಗಳ ಮನೆಗಳಿಗೆ 'ಕಲಿಯುತ್ತಾ ಗಳಿಸಿರಿ' ಎಂಬ ಮಾತು ಹಿತವಾಗಿಯೇ ಕೇಳಿಸುತ್ತದೆ. ಮಗ ವಿದ್ಯಾವಂತನೂ ಆಗುತ್ತಾನೆ, ಮನೆಗೆ ಹಣವೂ ಬರುತ್ತದೆ ಎಂದರೆ ಯಾವ ತಂದೆ ತಾನೇ ಬೇಡವೆನ್ನುತ್ತಾನೆ?

ಮೊದಲು ಕಾನೂನು ಏನು ಹೇಳುತ್ತದೆ ಎಂದು ನೋಡೋಣ. ಜಪಾನಿನಲ್ಲಿ ವಿದ್ಯಾರ್ಥಿ ವೀಸಾ ಪಡೆದವನಿಗೆ ದುಡಿಯುವ ಹಕ್ಕು ತಾನಾಗಿ ಬರುವುದಿಲ್ಲ. ವಲಸೆ ಇಲಾಖೆಯಿಂದ ಪ್ರತ್ಯೇಕ ಅನುಮತಿ ಪಡೆಯಬೇಕು. ಅನುಮತಿ ಸಿಕ್ಕರೆ ವಾರಕ್ಕೆ 28 ಗಂಟೆ ದುಡಿಯಬಹುದು. ಶಾಲೆಯ ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆ. ಎರಡು ಕಡೆ ಕೆಲಸ ಮಾಡಿದರೆ ಎರಡೂ ಸೇರಿ 28 ಗಂಟೆಯೇ ಹೊರತು ಒಂದೊಂದು ಕಡೆ 28 ಗಂಟೆಯಲ್ಲ. ವಾರವನ್ನು ಯಾವ ದಿನದಿಂದ ಎಣಿಸಿದರೂ ಈ ಮಿತಿ ಮೀರಬಾರದು. ಜೂಜಿನ ಯಂತ್ರಗಳ ಅಂಗಡಿ, ಹೆಣ್ಣುಮಕ್ಕಳು ಗಿರಾಕಿಗಳ ಪಕ್ಕ ಕುಳಿತು ಮದ್ಯ ಸುರಿಯುವ ಬಾರ್ ಮುಂತಾದ ಕಡೆ ಪಾತ್ರೆ ತೊಳೆಯುವುದೂ ನಿಷಿದ್ಧ. ಜಪಾನಿಗರು ಈ ಅರೆಕಾಲಿಕ ಕೆಲಸವನ್ನು 'ಅರುಬೈತೊ' ಎನ್ನುತ್ತಾರೆ. ಕೆಲಸ ಎಂಬ ಅರ್ಥದ ಜರ್ಮನ್ ಪದದಿಂದ ಬಂದದ್ದು. ತಮ್ಮ ವಿದ್ಯಾರ್ಥಿಗಳು ಕೈಖರ್ಚಿಗಾಗಿ ಮಾಡುವ ದುಡಿಮೆಗೆ ಅವರು ಇಟ್ಟುಕೊಂಡಿರುವ ಹೆಸರದು. ನೇಪಾಳದ ಹಳ್ಳಿಯ ಜಮೀನು ಅಡವಿಟ್ಟು ಬಂದವನಿಗೂ ಅದೇ ಹೆಸರು, ಅದೇ 28 ಗಂಟೆ.

ಇನ್ನು ಲೆಕ್ಕಕ್ಕೆ ಬರೋಣ. ಏಜೆಂಟನು ಹೇಳುವುದು ಗಂಟೆಯ ಕೂಲಿಯನ್ನು ಮಾತ್ರ. ಟೋಕಿಯೋದಲ್ಲಿ 2024ರ ಅಕ್ಟೋಬರ್‌ನಿಂದ ಕನಿಷ್ಠ ಕೂಲಿ ಗಂಟೆಗೆ 1,163 ಯೆನ್ ಆಯಿತು. ಒಂದು ಯೆನ್ ಅರ್ಧ ರೂಪಾಯಿಗಿಂತ ತುಸು ಹೆಚ್ಚು. ಅಂದರೆ ಗಂಟೆಗೆ 600 ರೂಪಾಯಿಗೂ ಮಿಕ್ಕಿ! ಈ ಅಂಕಿ ಸುಳ್ಳಲ್ಲ. ಆದರೆ 28 ಗಂಟೆಗೆ ಅದು 32,564 ಯೆನ್, ನಾಲ್ಕು ವಾರಗಳಿಗೆ 1,30,256 ಯೆನ್. ಭಾಷಾ ಶಾಲೆಯ ಶುಲ್ಕ ವರ್ಷಕ್ಕೆ ಸುಮಾರು ಏಳರಿಂದ ಎಂಟು ಲಕ್ಷ ಯೆನ್. ತಿಂಗಳಿಗೆ ಹಂಚಿದರೆ ಅರವತ್ತು ಸಾವಿರ ಯೆನ್ ಅಲ್ಲಿಗೇ ಹೋಯಿತು. ಉಳಿದರ್ಧದಲ್ಲಿ ಬಾಡಿಗೆ, ಊಟ, ರೈಲು, ಫೋನ್ ಮತ್ತು ಕಡ್ಡಾಯ ಆರೋಗ್ಯ ವಿಮೆ. ನಾಲ್ಕು ಮಂದಿ ಒಂದು ಕೋಣೆಯಲ್ಲಿ ಮಲಗಿದರೆ ಬದುಕಬಹುದು. ಊರಿನ ಸಾಲದ ಕಂತಿಗೆ ಏನು ಉಳಿಯುತ್ತದೆ?

ಇಲ್ಲಿಯೇ ತಪ್ಪು ಹುಟ್ಟುವುದು. ಬಂದ ಮೊದಲ ತಿಂಗಳುಗಳಲ್ಲಿ ಭಾಷೆ ಬಾರದವನಿಗೆ ಗಲ್ಲಾದ ಕೆಲಸವೂ ಸಿಗದು. ಸಿಗುವುದು ಊಟದ ಡಬ್ಬಿ ತುಂಬುವ ಕಾರ್ಖಾನೆಯ ರಾತ್ರಿ ಪಾಳಿ, ಪಾರ್ಸೆಲ್ ವಿಂಗಡಿಸುವ ಗೋದಾಮು. ಅಲ್ಲಿ ಮಾತೇ ಬೇಕಿಲ್ಲ. ಜಪಾನಿ ಕಲಿಯಲೆಂದು ಬಂದವನು ಜಪಾನಿಯ ಒಂದು ಪದವನ್ನೂ ಆಡದೆ ರಾತ್ರಿ ಕಳೆದು, ಬೆಳಿಗ್ಗೆ ತರಗತಿಯಲ್ಲಿ ನಿದ್ರಿಸುತ್ತಾನೆ. ಎರಡನೆಯ ವರ್ಷದ ಶುಲ್ಕ ಹತ್ತಿರವಾದಂತೆ ಎರಡನೆಯ ಕೆಲಸ ಹುಡುಕುತ್ತಾನೆ. 28 ಗಂಟೆ 40 ಆಗುತ್ತದೆ, 50 ಆಗುತ್ತದೆ. ಹಾಜರಾತಿ ಇಳಿಯುತ್ತದೆ. ವೀಸಾ ನವೀಕರಣಕ್ಕೆ ಹಾಜರಾತಿ ಬೇಕು. ವೀಸಾ ಬದಲಾಯಿಸಲು ಹೋದಾಗ ತೆರಿಗೆಯ ದಾಖಲೆಯಲ್ಲಿ ಆದಾಯ ಕಾಣುತ್ತದೆ, ಆದಾಯದಿಂದ ಗಂಟೆಗಳು ಕಾಣುತ್ತವೆ. ಅರ್ಜಿ ತಿರಸ್ಕೃತವಾದರೆ ಸಾಲ ಹಾಗೆಯೇ ಇರುತ್ತದೆ, ಭಾಷೆಯೂ ಬಂದಿರುವುದಿಲ್ಲ.

ಇದರಲ್ಲಿ ಆ ತರುಣನ ತಪ್ಪೆಷ್ಟು, ವ್ಯವಸ್ಥೆಯ ತಪ್ಪೆಷ್ಟು? ವಸ್ತುತಃ ಜಪಾನ್ ಸರಕಾರ ಈ ವಿಷಯದಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡಿಲ್ಲ ಎಂಬುದು ನಮ್ಮ ಅಭಿಪ್ರಾಯ. 2008ರಲ್ಲಿ ಮೂರು ಲಕ್ಷ ವಿದೇಶಿ ವಿದ್ಯಾರ್ಥಿಗಳ ಗುರಿಯನ್ನು ಅದು ಇಟ್ಟುಕೊಂಡಿತು, 2019ರಲ್ಲಿ ಮುಟ್ಟಿತು. 2023ರಲ್ಲಿ ಗುರಿಯನ್ನು ನಾಲ್ಕು ಲಕ್ಷಕ್ಕೆ ಏರಿಸಿ 2033ರ ಗಡುವು ಹಾಕಿಕೊಂಡಿತು. 2024ರ ಮೇ ತಿಂಗಳಲ್ಲಿ ಅಲ್ಲಿ 3,36,708 ವಿದೇಶಿ ವಿದ್ಯಾರ್ಥಿಗಳಿದ್ದರು. ಚೀನಾದ ನಂತರದ ಸ್ಥಾನ ನೇಪಾಳದ್ದು, 64 ಸಾವಿರಕ್ಕೂ ಅಧಿಕ. ಮುದುಕರು ಹೆಚ್ಚಿ ದುಡಿಯುವವರು ಕಡಿಮೆಯಾಗುತ್ತಿರುವ ದೇಶಕ್ಕೆ ರಾತ್ರಿ ಪಾಳಿಯ ಕೈಗಳು ಬೇಕಾಗಿದ್ದವು. ಕಾರ್ಮಿಕರನ್ನು ಕರೆಯುತ್ತೇವೆ ಎಂದು ಬಹಿರಂಗವಾಗಿ ಹೇಳಲು ರಾಜಕೀಯ ಧೈರ್ಯವಿರಲಿಲ್ಲ. ಆದ್ದರಿಂದ ಶಾಲೆಯ ಬಾಗಿಲಿನಿಂದ ಕಾರ್ಮಿಕರು ಬಂದರು. 2019ರಲ್ಲಿ ಟೋಕಿಯೋದ ಒಂದು ವಿಶ್ವವಿದ್ಯಾಲಯದಿಂದ ಮೂರು ವರ್ಷಗಳಲ್ಲಿ 1,600ಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳು ಕಾಣೆಯಾಗಿದ್ದರೆಂಬ ಸುದ್ದಿ ಹೊರಬಿದ್ದಾಗ ಅಲ್ಲಿನ ಸರಕಾರ ಎಚ್ಚೆತ್ತಂತೆ ಕಂಡಿತು. ಭಾಷಾ ಶಾಲೆಗಳಿಗೆ ಶಿಕ್ಷಣ ಇಲಾಖೆಯ ಮಾನ್ಯತೆ ನೀಡುವ ಕಾನೂನು 2023ರಲ್ಲಿ ಅಂಗೀಕಾರವಾಗಿ 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ಒಳ್ಳೆಯದೇ, ಆದರೆ ತಡವಾಯಿತು.

ಹಾಗೆಂದು ಆ ದೇಶದಲ್ಲಿ ವಿದ್ಯಾರ್ಥಿ ಕಾರ್ಮಿಕನಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಕನಿಷ್ಠ ಕೂಲಿ ಅವನಿಗೂ ಅನ್ವಯ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗಿನ ದುಡಿಮೆಗೆ ಶೇ. 25ರಷ್ಟು ಹೆಚ್ಚು ಕೂಲಿ ಕೊಡಬೇಕು. ಕೆಲಸದಲ್ಲಿ ಗಾಯವಾದರೆ ಅಪಘಾತ ವಿಮೆ ಅರೆಕಾಲಿಕ ವಿದ್ಯಾರ್ಥಿಗೂ ದೊರೆಯುತ್ತದೆ. ಆದರೆ 28 ಗಂಟೆ ಮೀರಿ ದುಡಿದವನು ದೂರು ಕೊಡಲು ಹೋಗುತ್ತಾನೆಯೇ? ಕೂಲಿ ಕೊಡದ ಮಾಲಿಕನಿಗೂ ಅದು ಗೊತ್ತು. ಕಾನೂನು ಮಾಲಿಕನನ್ನೂ ಶಿಕ್ಷಿಸುತ್ತದೆ ಎಂಬುದು ಹುಡುಗನಿಗೆ ಗೊತ್ತಿರುವುದಿಲ್ಲ.

ನಮ್ಮ ಓದುಗರಲ್ಲಿ ಕೆಲವರಿಗೆ ಇನ್ನೊಂದು ಪ್ರಶ್ನೆಯೂ ಇರಬಹುದು. ಸುಲಭವಾಗಿ ಸಿಗುವ ಕೆಲಸಗಳಲ್ಲಿ ಮದ್ಯದಂಗಡಿಯ ಅಡುಗೆಮನೆಯೂ, ಹಂದಿಮಾಂಸ ತುಂಬುವ ಡಬ್ಬಿಯೂ ಸೇರಿವೆ. ಮದ್ಯ ಮಾರುವ ಗಲ್ಲಾದಲ್ಲಿ ಕೂರುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಹೊರಡುವ ಮೊದಲೇ ಬಲ್ಲವರಲ್ಲಿ ಕೇಳಿ ತಿಳಿದುಕೊಳ್ಳಬೇಕು. ಸಾಲ ತಲೆಯ ಮೇಲಿರುವಾಗ ಈ ಪ್ರಶ್ನೆ ಕೇಳುವ ಸ್ವಾತಂತ್ರ್ಯ ಯಾರಿಗೂ ಇರುವುದಿಲ್ಲ. ಹೋಟೆಲಿನ ಹಾಸಿಗೆ ಬದಲಿಸುವುದು, ಗೋದಾಮು, ಶುಚಿಗೊಳಿಸುವ ಕೆಲಸಗಳಲ್ಲಿ ಈ ತೊಡಕಿಲ್ಲ. ಆದರೆ ಆರಿಸಿಕೊಳ್ಳುವ ಅವಕಾಶವಿರುವುದು ಕೈಯಲ್ಲಿ ಆರು ತಿಂಗಳ ಖರ್ಚಿಟ್ಟುಕೊಂಡು ಹೋದವನಿಗೆ.

ಕೋಬೆ ನಗರದಲ್ಲಿ ಜಪಾನಿನ ಮೊದಲ ಮಸೀದಿಯಿದೆ. 1935ರಲ್ಲಿ ಮುಖ್ಯವಾಗಿ ಭಾರತೀಯ ವ್ಯಾಪಾರಿಗಳ ದೇಣಿಗೆಯಿಂದ ಎದ್ದ ಅದು 1945ರ ಬಾಂಬುಗಳನ್ನೂ 1995ರ ಭೂಕಂಪವನ್ನೂ ಕಂಡು ನಿಂತಿದೆ. ಆ ಜನರು ವ್ಯಾಪಾರಿಗಳಾಗಿ ಹೋದರು, ವ್ಯಾಪಾರಿಗಳೆಂದೇ ಹೇಳಿಕೊಂಡು ಬದುಕಿದರು. ನಮ್ಮ ಹುಡುಗರು ವೀಸಾ ಅಧಿಕಾರಿಯ ಮುಂದೆ 'ಓದಲು ಹೋಗುತ್ತೇನೆ, ಖರ್ಚನ್ನು ತಂದೆ ನೋಡಿಕೊಳ್ಳುತ್ತಾರೆ' ಎಂದು ಹೇಳಿ, ಅದಕ್ಕಾಗಿ ಏಜೆಂಟನು ಸೃಷ್ಟಿಸಿದ ಬ್ಯಾಂಕ್ ಕಾಗದಕ್ಕೆ ತಂದೆಯ ಸಹಿ ಹಾಕಿಸುವುದು ಯಾತಕ್ಕೆ? ದುಡಿಯುವುದೇ ಉದ್ದೇಶವಾದರೆ ದುಡಿಯುವವರ ಬಾಗಿಲು ಈಗ ತೆರೆದಿದೆ. 2019ರಿಂದ 'ನಿರ್ದಿಷ್ಟ ಕೌಶಲ'ದ ವೀಸಾ ಇದೆ, ಭಾರತದೊಂದಿಗೆ ಅದರ ಒಪ್ಪಂದ 2021ರ ಜನವರಿಯಲ್ಲಾಗಿದೆ. ವೃದ್ಧರ ಆರೈಕೆ, ಹೋಟೆಲ್, ಕೃಷಿ, ಕಟ್ಟಡ ನಿರ್ಮಾಣ ಮುಂತಾದ ಕ್ಷೇತ್ರಗಳಲ್ಲಿ ಪೂರ್ಣಾವಧಿ ದುಡಿಯಬಹುದು, 28 ಗಂಟೆಯ ಕತ್ತಿ ತಲೆಯ ಮೇಲಿರುವುದಿಲ್ಲ. ಅದಕ್ಕೆ ಕೌಶಲದ ಪರೀಕ್ಷೆಯೊಂದಿಗೆ ಜಪಾನಿ ಭಾಷೆಯ ಎನ್4 ಮಟ್ಟದ ಪರೀಕ್ಷೆಯೂ ಪಾಸಾಗಬೇಕು. ಆ ಭಾಷಾ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಊರಿನ ಅನ್ನ ಉಣ್ಣುತ್ತಾ ಕಲಿಯಬಹುದಾದುದನ್ನು ಲಕ್ಷಗಟ್ಟಲೆ ಸಾಲಮಾಡಿ ಟೋಕಿಯೋದ ನಿದ್ರೆಗಣ್ಣಿನಲ್ಲಿ ಕಲಿಯಬೇಕಾಗಿಲ್ಲ.

ನಿಜವಾಗಿ ಓದಲು ಹೋಗುವವರ ಮಾತು ಬೇರೆ. ಎರಡು ವರ್ಷಗಳ ಶುಲ್ಕವನ್ನು ಭರಿಸಬಲ್ಲ ಮನೆಯ ಹುಡುಗ ಅಲ್ಲಿ ಭಾಷೆ ಕಲಿತು ವಿಶ್ವವಿದ್ಯಾಲಯ ಸೇರಿದರೆ ನಾವು ಸಂತೋಷಪಡುತ್ತೇವೆ. ಅವನಿಗೆ 28 ಗಂಟೆ ಧಾರಾಳ ಸಾಕು. ಉಳಿದವರ ತಂದೆಯಂದಿರು ಏಜೆಂಟನ ಮುಂದೆ ಕುಳಿತಾಗ ಗಂಟೆಯ ಕೂಲಿಯನ್ನು ಕೇಳದಿರಲಿ. ಶಾಲೆಗೆ ಹೊಸ ಕಾನೂನಿನಡಿ ಮಾನ್ಯತೆ ಸಿಕ್ಕಿದೆಯೇ, ಎರಡನೆಯ ವರ್ಷದ ಶುಲ್ಕ ಯಾವ ತಿಂಗಳಲ್ಲಿ ಕಟ್ಟಬೇಕು, ಆ ಹಣ ಎಲ್ಲಿಂದ ಬರುತ್ತದೆ ಎಂದು ಕಾಗದದ ಮೇಲೆ ಬರೆದುಕೊಡಲು ಹೇಳಲಿ.