ಗರ್ಭಿಣಿಯ ಪಾದರಕ್ಷೆ

ಸೀಮಂತದ ಸಂಭ್ರಮವನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಗರ್ಭಿಣಿಗೆ ಹೊಸ ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಅವಳು ಬಯಸಿದ ತಿಂಡಿಗಳನ್ನು ಬಡಿಸುತ್ತೇವೆ. ಆದರೆ ಎರಡು ಜೀವಗಳ ಭಾರವನ್ನು ಹೊತ್ತು ನಡೆಯುವ ಅವಳ ಪಾದಗಳಿಗೆ ಏನು ಬೇಕೆಂದು ಕೇಳುವವರು ವಿರಳ. “ನಾಲ್ಕು ತಿಂಗಳಿಗಾಗಿ ಹೊಸ ಚಪ್ಪಲಿಯೇ?” ಎಂಬ ಮಾತೇ ಕೇಳಿಬರುತ್ತದೆ. ಈ ಮಿತವ್ಯಯ ತಪ್ಪೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣ ಭೌತಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಇದೆ.

ನಿಂತ ವಸ್ತು ಬೀಳದಿರಬೇಕಾದರೆ ಅದರ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಆಧಾರದ ಎಲ್ಲೆಯೊಳಗೆ ಬೀಳಬೇಕೆಂಬುದನ್ನು ವಾಚಕರು ಬಲ್ಲರು. ನಮಗೆ ಎರಡು ಅಂಗಾಲುಗಳೂ ಅವುಗಳ ನಡುವಣ ಜಾಗವೂ ಸೇರಿ ಆ ಆಧಾರ. ಗರ್ಭ ಬೆಳೆದಂತೆ ಭಾರ ಮುಂದಕ್ಕೆ ಸರಿಯುತ್ತದೆ. 6 ಕಿಲೋಗ್ರಾಂ ಭಾರ ಬೆನ್ನೆಲುಬಿನಿಂದ 20 ಸೆಂಟಿಮೀಟರ್ ಮುಂದಿದೆಯೆಂದು ಭಾವಿಸೋಣ. ಅದು ದೇಹವನ್ನು ಮುಂದಕ್ಕೆ ಬಾಗಿಸುವ ಪರಿಣಾಮವು, 2 ಕಿಲೋಗ್ರಾಂ ಭಾರವನ್ನು 60 ಸೆಂಟಿಮೀಟರ್ ಚಾಚಿದ ಕೈಯಲ್ಲಿ ಹಿಡಿದುದಕ್ಕೆ ಸಮ. ನೀವು ಐದು ನಿಮಿಷ ಹಾಗೆ ಹಿಡಿದು ನೋಡಿರಿ. ಗರ್ಭಿಣಿ ಅದನ್ನು ಕೆಳಗಿಡುವಂತಿಲ್ಲ.

ಇದನ್ನು ಸರಿದೂಗಿಸಲು ಅವಳು ಸೊಂಟದ ಮೇಲ್ಭಾಗವನ್ನು ಹಿಂದಕ್ಕೆ ವಾಲಿಸುತ್ತಾಳೆ. ಸ್ತ್ರೀಯರ ಸೊಂಟದ ಭಾಗದ ಕಶೇರುಮಣಿಗಳ ಆಕಾರವೇ ಇದಕ್ಕೆ ಅನುಕೂಲವಾಗಿದೆಯೆಂದು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಪ್ರಕೃತಿಯ ಈ ಏರ್ಪಾಟನ್ನು ಎತ್ತರದ ಹಿಮ್ಮಡಿಯ ಚಪ್ಪಲಿ ಕೆಡಿಸುತ್ತದೆ. ಅದು ಭಾರವನ್ನು ಮುಂಗಾಲಿನ ಮೇಲೆ ಹೇರುತ್ತದೆ, ಆಧಾರವನ್ನೂ ಕಿರಿದುಗೊಳಿಸುತ್ತದೆ.

ಪಾದವೂ ಮೊದಲಿನಂತೆ ಉಳಿಯುವುದಿಲ್ಲ. ಮೂಳೆಗಳನ್ನು ಬಿಗಿದಿರುವ ಕಟ್ಟುಗಳು ಸಡಿಲಗೊಳ್ಳುತ್ತವೆ. ಅಂಗಾಲಿನ ಕಮಾನು ತಗ್ಗಬಹುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಹೆರಿಗೆಯಾಗಿ ಸುಮಾರು ಐದು ತಿಂಗಳ ಮೇಲೆ ಅಳೆದಾಗ, ಹಲವರ ಪಾದಗಳು ಉದ್ದವಾಗಿಯೇ ಉಳಿದಿದ್ದುವೆಂದು 2013ರಲ್ಲಿ ಪ್ರಕಟಿಸಿದರು. ಎಂದಮೇಲೆ “ನಾಲ್ಕು ತಿಂಗಳ” ವಾದ ನಿಲ್ಲುವುದಿಲ್ಲ.

“ನಮ್ಮ ಅಜ್ಜಿಯರು ಬರಿಗಾಲಲ್ಲೇ ಗದ್ದೆಯ ಕೆಲಸ ಮಾಡಲಿಲ್ಲವೆ?” ಎಂದು ಕೆಲವರು ಕೇಳುತ್ತಾರೆ. ನಿಜ, ಆದರೆ ಗದ್ದೆಯ ಬದುವಿಗೂ ನುಣುಪಾದ ಹಾಸುಗಲ್ಲಿಗೂ ವ್ಯತ್ಯಾಸವಿದೆ. ನಮ್ಮ ತಂಗಿ ಏಳನೆಯ ತಿಂಗಳಿನಲ್ಲಿ ಹಿತ್ತಲಿನ ನಲ್ಲಿಯ ಬಳಿ ಜಾರಿದಳು. ಗೋಡೆ ಕೈಗೆ ಸಿಕ್ಕಿದ್ದರಿಂದ ಉಳಿದಳು. ಅವಳ ರಬ್ಬರ್ ಚಪ್ಪಲಿಯನ್ನು ತಿರುವಿ ನೋಡಿದೆವು. ಅಟ್ಟೆಯ ಗೆರೆಗಳು ಪೂರ್ಣ ಸವೆದು ಗಾಜಿನಂತಾಗಿದ್ದುವು. ವರ್ಷವರ್ಷವೂ ತರಗತಿಯಲ್ಲಿ ಘರ್ಷಣೆಯ ನಿಯಮಗಳನ್ನು ಬೋಧಿಸುವ ನಾವು ಮನೆಯ ಚಪ್ಪಲಿಯನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ. ಆ ನಾಚಿಕೆಯೇ ಈ ಲೇಖನಕ್ಕೆ ಪ್ರೇರಣೆ.

ಹಾಗಾದರೆ ಎಂತಹುದನ್ನು ಆರಿಸಬೇಕು? ಹಿಮ್ಮಡಿ ಅಗಲವಾಗಿ, ಎರಡು ಮೂರು ಸೆಂಟಿಮೀಟರಿಗಿಂತ ಎತ್ತರವಿಲ್ಲದಿರಲಿ. ಕಾಗದದಂತೆ ತೆಳುವಾದ ಅಟ್ಟೆಯೂ ಬೇಡ. ಅಂಗಾಲಿನ ಕಮಾನಿಗೆ ಆಸರೆಯಿರಲಿ. ಹಿಂಬದಿಯ ಪಟ್ಟಿಯಿದ್ದರೆ ಚಪ್ಪಲಿ ಕಳಚದಂತೆ ಬೆರಳುಗಳಿಂದ ಬಿಗಿಹಿಡಿಯಬೇಕಾಗಿಲ್ಲ. ಸಂಜೆ ಪಾದ ತುಸು ಊದಿರುವಾಗಲೇ ಅಳತೆ ನೋಡಬೇಕು, ಪಟ್ಟಿಯನ್ನು ಸಡಿಲಿಸುವಂತಿರಬೇಕು. ಕಷ್ಟಪಟ್ಟು ಬಗ್ಗದೆ ತೊಡುವಂತಿದ್ದರೆ ಇನ್ನೂ ಮೇಲು. ಆದರೆ ಮುಖ, ಕೈಗಳು ಒಮ್ಮೆಲೇ ಊದಿ ತಲೆನೋವೂ ಬಂದರೆ ಹೋಗಬೇಕಾದುದು ಚಪ್ಪಲಿಯಂಗಡಿಗಲ್ಲ, ಕೂಡಲೇ ವೈದ್ಯರ ಬಳಿಗೆ.

ವಿದ್ಯಾರ್ಥಿಮಿತ್ರರೇ, ಇದು ಹೆಂಗಸರ ವಿಷಯವೆಂದು ಪುಟ ಮಗುಚಬೇಡಿರಿ. ಪರೀಕ್ಷೆಯಲ್ಲಿ ಬರೆದ ನಿಯಮ ಮನೆಯಲ್ಲಿ ಒಬ್ಬ ಅಕ್ಕನನ್ನೋ ಅತ್ತಿಗೆಯನ್ನೋ ಬೀಳದಂತೆ ಕಾಯದಿದ್ದರೆ ಆ ಕಲಿಕೆ ಅರೆಯಾದುದು. ಸೀಮಂತದ ಮಂಗಳದ್ರವ್ಯಗಳ ನಡುವೆ ಚಪ್ಪಲಿಯನ್ನಿಡುವುದು ಸಲ್ಲದಿರಬಹುದು. ಹೊಸ್ತಿಲಿನಾಚೆ ಒಂದು ಒಳ್ಳೆಯ ಜೊತೆ ಅವಳಿಗಾಗಿ ಕಾದಿರಲಿ.