ಘಾಟಿ ಇಳಿಯುವ ಲಾರಿ ಮತ್ತು ನಮ್ಮ ಹೊಣೆ



ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಮಾಲು ಕಣದಿಂದ ಹೊರಡುವ ಕಾಲ ಬಂತೆಂದರೆ ನಮ್ಮ ಮಾತೆಲ್ಲ ಧಾರಣೆಯ ಸುತ್ತ ತಿರುಗುತ್ತದೆ. ಮಳೆ ಎಷ್ಟು ಇಂಚು ಬಂತು, ಕಾಂಡಕೊರಕ ಎಷ್ಟು ಗಿಡ ತಿಂದಿತು, ಕೊಳೆರೋಗಕ್ಕೆ ಎಷ್ಟು ಸಲ ಬೋರ್ಡೋ ಹೊಡೆದೆವು, ಇವೆಲ್ಲವೂ ಚರ್ಚೆಗೆ ಬರುತ್ತವೆ. ಆದರೆ ವರ್ಷವಿಡೀ ದುಡಿದು ಒಣಗಿಸಿದ ಆ ಮಾಲನ್ನು ಹೊತ್ತು ಘಾಟಿ ಇಳಿಯುವ ಮನುಷ್ಯನ ವಿಷಯ ಬರುವುದು ಲಾರಿ ಮಗುಚಿದ ದಿನ ಮಾತ್ರ. ಆ ದಿನವೂ ನಮ್ಮಲ್ಲಿ ಕೇಳಿಬರುವುದು ಒಂದೇ ಮಾತು: "ಡ್ರೈವರ್ ಸರಿಯಿಲ್ಲ."

ಆ ಮಾತು ಕೆಲವೊಮ್ಮೆ ನಿಜವೇ. ಕುಡಿದು ಓಡಿಸುವವರಿದ್ದಾರೆ, ಕಿವಿಗೆ ಫೋನು ಹಿಡಿದು ತಿರುವು ತೆಗೆಯುವವರಿದ್ದಾರೆ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಹೆಚ್ಚಿನ ಪಾಲು ಅತಿವೇಗದ್ದು. ಚಾಲಕನ ಹೊಣೆಯನ್ನು ಅಲ್ಲಗಳೆಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಆದರೆ ಘಾಟಿಯಲ್ಲಿ ಆಗುವ ಅಪಘಾತದ ಬೀಜ ಬಹಳ ಸಲ ಘಾಟಿಯಲ್ಲಿ ಬಿದ್ದಿರುವುದಿಲ್ಲ. ಲಾರಿ ತುಂಬುವ ಕಣದಲ್ಲಿ, ಗೋದಾಮಿನ ಬಾಗಿಲಲ್ಲಿ ಬಿದ್ದಿರುತ್ತದೆ. ಎಷ್ಟು ಚೀಲ, ಎಷ್ಟು ಹೊತ್ತಿಗೆ, ಎಷ್ಟು ಬಾಡಿಗೆಗೆ ಎಂಬ ಮೂರು ಪ್ರಶ್ನೆಗಳನ್ನು ತೀರ್ಮಾನ ಮಾಡುವವರು ಮಾಲು ಕಳಿಸುವವರು. ಚಾಲಕ ಆ ತೀರ್ಮಾನವನ್ನು ಹೊತ್ತುಕೊಂಡು ಇಳಿಯುತ್ತಾನೆ.

ಮೊದಲು ಅವನ ದಿನಚರಿಯನ್ನು ನೋಡೋಣ. ಲಾರಿ ಬೆಳಿಗ್ಗೆ ಎಂಟಕ್ಕೆ ಬರಬೇಕೆಂದು ಹೇಳಿಕಳಿಸುತ್ತೇವೆ. ಬಂದ ಮೇಲೆ ಹಮಾಲಿಗಳು ಬರುವುದು ಹತ್ತಕ್ಕೆ. ಒಂದು ಕಣದಲ್ಲಿ ನಲವತ್ತು ಚೀಲ, ಇನ್ನೊಂದರಲ್ಲಿ ಇಪ್ಪತ್ತು, ಮತ್ತೊಂದು ತೋಟಕ್ಕೆ ಕಚ್ಚಾ ರಸ್ತೆಯಲ್ಲಿ ಮೂರು ಮೈಲಿ. ತುಂಬಿ, ಟಾರ್ಪಾಲು ಕಟ್ಟಿ, ಬಿಲ್ಲು ಕೈಗೆ ಸಿಗುವ ಹೊತ್ತಿಗೆ ದೀಪ ಹಚ್ಚುವ ಸಮಯ. ಅಲ್ಲಿಯತನಕ ಅವನು ಚಕ್ರದ ಹಿಂದೆ ಕೂತಿರಲಿಲ್ಲ ನಿಜ, ಮಲಗಿಯೂ ಇರಲಿಲ್ಲ. ಆಗ ನಾವು ಹೇಳುವುದು: "ಬೆಳಗಾಗುವುದರೊಳಗೆ ಮಂಗಳೂರು ಮುಟ್ಟಿಸಪ್ಪ." ಹಿಂದೆ ಜೊತೆಗೊಬ್ಬ ಕ್ಲೀನರ್ ಇರುತ್ತಿದ್ದ. ಹಿಂದಕ್ಕೆ ತೆಗೆಯುವಾಗ ಕೂಗಿ ಹೇಳಲು, ಚಕ್ರಕ್ಕೆ ಕಲ್ಲು ಕೊಡಲು, ನಿದ್ದೆ ಬಾರದಂತೆ ಮಾತಾಡಲು ಆಸರೆಯಾಗಿದ್ದ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಪಡೆಯುವ ಒಬ್ಬನೇ ಮನುಷ್ಯ, ಕ್ಯಾಬಿನ್ನೇ ಮನೆ, ರಸ್ತೆ ಬದಿಯ ಹೋಟೆಲ್ಲೇ ಅಡುಗೆಮನೆ, ಹಳ್ಳವೇ ಬಚ್ಚಲು.

1961ರಷ್ಟು ಹಿಂದೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎಂದು ಗೊತ್ತುಮಾಡಿತ್ತು. ಐದು ಗಂಟೆ ದುಡಿದರೆ ಅರ್ಧ ಗಂಟೆ ವಿರಾಮ ಕೊಡಬೇಕೆಂದೂ ಹೇಳಿತ್ತು. ಅರವತ್ತು ವರ್ಷಗಳ ಹಿಂದೆ ನಮ್ಮ ಶಾಸನಕರ್ತರಿಗೆ ತಿಳಿದಿದ್ದ ಸಂಗತಿ ಇಂದಿಗೂ ಕಣದ ಬಾಗಿಲಿಗೆ ತಲುಪಿಲ್ಲ. ಕೊಯ್ಲಿನವರಿಗೆ ಮಧ್ಯಾಹ್ನ ಊಟದ ಗಂಟೆ ಬಾರಿಸುವ ನಾವು ಲಾರಿಯವನಿಗೂ ಒಂದು ಗಂಟೆ ಇದೆಯೆಂದು ನೆನೆಯುವುದಿಲ್ಲ.

ಇನ್ನು ಘಾಟಿಯ ವಿಷಯ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಶಿರಾಡಿ ಘಾಟಿಯಲ್ಲಿ ಗುಂಡ್ಯ ಮುಟ್ಟುವ ಹೊತ್ತಿಗೆ ಲಾರಿ ಆ ಎತ್ತರದ ಬಹುಭಾಗವನ್ನು ಇಳಿದಿರುತ್ತದೆ. ಹೊರೆ ಹೊತ್ತ ಲಾರಿ ಇಳಿಯುವಾಗ ಹುಟ್ಟುವ ಶಕ್ತಿ ಎಲ್ಲಾದರೂ ಹೋಗಲೇಬೇಕು. ಎಂಜಿನ್ ಹಿಡಿದುಕೊಂಡರೆ ಎಂಜಿನ್ನಿಗೆ. ಇಲ್ಲದಿದ್ದರೆ ಅಷ್ಟೂ ಬ್ರೇಕ್ ಡ್ರಮ್ಮಿಗೆ ಶಾಖವಾಗಿ ಹೋಗುತ್ತದೆ. ಕಾದ ಡ್ರಮ್ಮಿನಲ್ಲಿ ಲೈನರ್ ಹಿಡಿಯುವುದಿಲ್ಲ. "ಬ್ರೇಕ್ ಫೇಲ್" ಎಂದು ಪತ್ರಿಕೆಯಲ್ಲಿ ಬರುವ ಅನೇಕ ಪ್ರಸಂಗಗಳಲ್ಲಿ ಬ್ರೇಕು ಮುರಿದಿರುವುದಿಲ್ಲ, ಕಾದು ಸೋತಿರುತ್ತದೆ. ಅದಕ್ಕೇ ಹಳೆಯ ಚಾಲಕರು ಹೇಳುವುದು: ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಘಾಟಿಯ ಚಾಲಕನ ಯೋಗ್ಯತೆಯ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲಿದೆ.

ಇದಕ್ಕೆ ನೇರ ವಿರುದ್ಧವಾದದ್ದು ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಚಟ. ಎಂಜಿನ್ ಆರಿಸಿಬಿಟ್ಟರಂತೂ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ. ಒಂದೆರಡು ಸಲ ಬ್ರೇಕ್ ತುಳಿದ ಮೇಲೆ ಉಳಿಯುವುದು ದೇವರ ದಯೆ. ವಿಚಿತ್ರವೆಂದರೆ ಈಗಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಈ ಉಳಿತಾಯವೇ ಸುಳ್ಳು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಓಡಿಸಿಡಲು ಡೀಸೆಲ್ ಬೇಕೇ ಬೇಕು. ಇದನ್ನು ಚಾಲಕರಿಗೆ ಯಾರು ತಿಳಿಸಿ ಹೇಳಿದ್ದಾರೆ? ಬಾಡಿಗೆಯಲ್ಲಿ ಡೀಸೆಲ್ ಲೆಕ್ಕವನ್ನು ಇಂತಿಷ್ಟೇ ಲೀಟರಿಗೆ ಕಟ್ಟಿಹಾಕುವ ಕಡೆ ಈ ಚಟ ಬೆಳೆಯದೆ ಇನ್ನೇನಾದೀತು?

ಚಾಲನಾ ಪರೀಕ್ಷೆಯ ಮೈದಾನದಲ್ಲಿ ಒಂದು ಸಣ್ಣ ಏರು ಇರಬಹುದು. ಹೊರೆ ಹೊತ್ತು ಹತ್ತಾರು ಕಿಲೋಮೀಟರ್ ಇಳಿಯುವ ಪರೀಕ್ಷೆ ಅಲ್ಲಿಲ್ಲ. 2019ರಲ್ಲಿ ಸಾರಿಗೆ ವಾಹನದ ಚಾಲಕರಿಗೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನೂ ತೆಗೆದರು. ಓದು ಬಾರದವನು ಒಳ್ಳೆಯ ಚಾಲಕನಾಗಲಾರ ಎಂದು ನಾನು ಹೇಳುವುದಿಲ್ಲ. ನಮ್ಮ ಘಾಟಿಯ ಅತ್ಯುತ್ತಮ ಚಾಲಕರಲ್ಲಿ ಸಹಿ ಮಾತ್ರ ಬಲ್ಲವರಿದ್ದರು. ಆದರೆ ಅವರು ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ಕ್ಲೀನರಾಗಿ ಕೂತು ಕಲಿತವರು. ಕ್ಲೀನರ್ ಪದ್ಧತಿ ಹೋದಂತೆ ಆ ಪಾಠಶಾಲೆಯೂ ಮುಚ್ಚಿತು. ಬಯಲು ಸೀಮೆಯಲ್ಲಿ ಚೆನ್ನಾಗಿ ಓಡಿಸುವ ಹುಡುಗ ಮೊದಲ ಸಲ ಆಷಾಢದ ಮಳೆಯಲ್ಲಿ ಶಿರಾಡಿಗೆ ಬಂದರೆ, ಅವನ ಲೈಸೆನ್ಸು ಸರಿಯಾಗಿದ್ದರೂ ಅವನಿಗೆ ಈ ರಸ್ತೆ ಗೊತ್ತಿಲ್ಲ.

ಇದೇ ಬೆಟ್ಟವನ್ನು ರೈಲು ಹೇಗೆ ಇಳಿಯುತ್ತದೆ ನೋಡಿ. 1979ರಲ್ಲಿ ಆರಂಭವಾದ ಹಾಸನ–ಮಂಗಳೂರು ಮಾರ್ಗದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 50ಕ್ಕೆ 1ರ ಇಳಿಜಾರು. ಇಳಿಯುವ ಮೊದಲು ರೈಲನ್ನು ನಿಲ್ಲಿಸಿ ಬ್ರೇಕ್ ಪರೀಕ್ಷಿಸುತ್ತಾರೆ, ವೇಗಕ್ಕೆ ಕಟ್ಟುನಿಟ್ಟಾದ ಮಿತಿ ಇದೆ. ಲಾರಿಗೆ ಘಾಟಿಯ ತಲೆಯಲ್ಲಿ ನಿಲ್ಲಿಸಿ ಹೀಗೆ ಕೇಳುವವರು ಯಾರಿದ್ದಾರೆ?

ಹೊರೆಯ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ನೆಯ ಕಲಮಿನಂತೆ ಅಧಿಕ ಭಾರಕ್ಕೆ 20,000 ರೂಪಾಯಿ ದಂಡ. ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಹೆಚ್ಚಿನ ಮಾಲು ಇಳಿಸುವ ಖರ್ಚು ಬೇರೆ. ಈ ಕಲಮು ಓಡಿಸುವವನನ್ನು ಮಾತ್ರ ಹಿಡಿಯುವುದಿಲ್ಲ, ಓಡಿಸಲು ಕಾರಣರಾದವರನ್ನು, ಬಿಟ್ಟವರನ್ನು ಸಹ ಹೆಸರಿಸುತ್ತದೆ ಎಂಬುದನ್ನು ಸದಸ್ಯರು ಗಮನಿಸಬೇಕು. ಲೆಕ್ಕ ಹಾಕೋಣ. ಹತ್ತು ಟನ್ ಹೊರಬಹುದಾದ ಲಾರಿಗೆ ಹದಿಮೂರು ಟನ್ ಹಾಕಿದರೆಂದು ಇಟ್ಟುಕೊಳ್ಳಿ. ಹೆಚ್ಚಾದದ್ದು 50 ಕಿಲೋದ 60 ಚೀಲ. ದಂಡ 26,000 ರೂಪಾಯಿ. ಅಂದರೆ ಆ ಒಂದೊಂದು ಚೀಲದ ಮೇಲೆ 433 ರೂಪಾಯಿ. ಇನ್ನೊಂದು ಲಾರಿಯ ಬಾಡಿಗೆ ಉಳಿಸಿದೆವೆಂಬ ಸಂತೋಷಕ್ಕೆ ಇದು ಬೆಲೆ. ಅಪಘಾತವಾದರೆ ವಿಮೆಯವರ ತಕರಾರು ಬೇರೆ.

ತೂಕ ಸರಿಯಿದ್ದರೂ ಎತ್ತರ ಸರಿಯಿರಬೇಕು. ಕಾಫಿ ಚೆರಿಯೂ ಸಿಪ್ಪೆಗೋಟೂ ಹಗುರ, ಜಾಗ ಹೆಚ್ಚು ತಿನ್ನುವ ಮಾಲು. ತೂಕ ಮೀರಿಲ್ಲವೆಂದು ಬಾಡಿಯ ಮೇಲೆ ನಾಲ್ಕು ಸಾಲು ಏರಿಸಿದರೆ ಲಾರಿಯ ಭಾರವೆಲ್ಲ ಮೇಲಕ್ಕೆ ಹೋಗುತ್ತದೆ. ನೇರ ರಸ್ತೆಯಲ್ಲಿ ಏನೂ ತಿಳಿಯುವುದಿಲ್ಲ. ಮೊದಲ ಹಿಮ್ಮುರಿ ತಿರುವಿನಲ್ಲಿ ತಿಳಿಯುತ್ತದೆ.

ಅದಕ್ಕಿಂತ ಘೋರವಾದದ್ದು ಮಾಲಿನ ಮೇಲೆ ಜನರನ್ನು ಕೂರಿಸುವುದು. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ, ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಹಣ್ಣು ತರುತ್ತಿದ್ದ ಲಾರಿ ಕಂದಕಕ್ಕೆ ಉರುಳಿ ಕನಿಷ್ಠ ಹತ್ತು ಮಂದಿ ಸತ್ತರು. ಅವರೆಲ್ಲ ಸಂತೆಗೆ ಹೊರಟ ಬಡ ವ್ಯಾಪಾರಿಗಳು. ಕೊಯ್ಲಿನ ಕಾಲದಲ್ಲಿ ನಮ್ಮ ತೋಟಗಳಿಗೂ ಪಿಕಪ್ ಗಾಡಿಯಲ್ಲಿ ಹೆಣ್ಣಾಳುಗಳನ್ನು ನಿಲ್ಲಿಸಿಕೊಂಡು ಬರುತ್ತಾರೆ. ಗುಳ್ಳಾಪುರ ದೂರದ ಊರೆಂದು ನಾವು ಪತ್ರಿಕೆ ಮಡಿಚಿಡುವಂತಿಲ್ಲ.

ರಸ್ತೆಯ ದೋಷವೂ ಇದೆ. 2018ರ ಆಗಸ್ಟಿನಲ್ಲಿ ಶಿರಾಡಿಯೂ ಸಂಪಾಜೆಯೂ ಗುಡ್ಡ ಕುಸಿದು ಮುಚ್ಚಿದವು. 2019ರ ಮಳೆಗೆ ಚಾರ್ಮಾಡಿ ಕುಸಿದು ಭಾರಿ ವಾಹನಗಳಿಗೆ ನಿರ್ಬಂಧ ಬಂತು. 2024ರ ಜುಲೈಯಲ್ಲಿ ಶಿರಾಡಿಯಲ್ಲಿ ಮತ್ತೆ ಮಣ್ಣು ಕುಸಿಯಿತು. ಮಂಜು, ಕಾಡಾನೆ, ಎದುರಿಗೆ ಬರುವ ಅನಿಲದ ಟ್ಯಾಂಕರು ಎಲ್ಲವೂ ಈ ದಾರಿಯಲ್ಲಿವೆ. ಉಪ್ಪಿನಂಗಡಿಯ ಹತ್ತಿರ ಪೆರ್ನೆಯಲ್ಲಿ 2013ರ ಏಪ್ರಿಲ್‌ನಲ್ಲಿ ಟ್ಯಾಂಕರು ಉರುಳಿ ರಸ್ತೆ ಬದಿಯ ಮನೆಗಳೇ ಸುಟ್ಟದ್ದು ಹಲವರಿಗೆ ನೆನಪಿರಬಹುದು. ಇವಕ್ಕಾಗಿ ಸರ್ಕಾರವನ್ನು ಒತ್ತಾಯಿಸಲೇಬೇಕು, ಮನವಿ ಕೊಡಲೇಬೇಕು. ಆದರೆ ಸರ್ಕಾರ ಗುಡ್ಡಕ್ಕೆ ಗೋಡೆ ಕಟ್ಟುವವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡದಿರಲು ಅದು ನೆಪವಾಗಬಾರದು.

ಈ ಕಾರಣಗಳಿಂದ ಬರುವ ವಾರ್ಷಿಕ ಮಹಾಸಭೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡಬೇಕೆಂದಿದ್ದೇನೆ. ಆಡಳಿತ ಮಂಡಳಿಯಲ್ಲಿ ಎಲ್ಲರೂ ಇದನ್ನು ಒಪ್ಪಿಲ್ಲ. ಆದ್ದರಿಂದ ಇದು ಕಾರ್ಯದರ್ಶಿಯ ಸ್ವಂತ ಅಭಿಪ್ರಾಯವೆಂದು ಸದಸ್ಯರು ತಿಳಿಯಬೇಕು.

ಒಂದು: ಸಂಘ ಗೊತ್ತುಮಾಡಿದ ಪ್ರತಿಯೊಂದು ಲಾರಿಯೂ ವೇ ಬ್ರಿಡ್ಜ್ ಮೇಲೆ ಹೋಗಿಯೇ ಹೊರಡಬೇಕು, ತೂಕದ ಚೀಟಿಯ ಪ್ರತಿ ಕಚೇರಿಯಲ್ಲಿ ಉಳಿಯಬೇಕು. ಆರ್.ಸಿ. ಪುಸ್ತಕದ ಮಿತಿ ಮೀರಿದರೆ ಚೀಲ ಇಳಿಸಬೇಕು, ಅದು ಅಧ್ಯಕ್ಷರ ಚೀಲವಾದರೂ ಸರಿ.

ಎರಡು: ಮಧ್ಯಾಹ್ನ ಎರಡು ಗಂಟೆಯೊಳಗೆ ತುಂಬಿ ಮುಗಿಯದ ಲಾರಿ ಅಂದು ಘಾಟಿ ಇಳಿಯಬಾರದು, ಮರುದಿನ ಬೆಳಕು ಹರಿದ ಮೇಲೆ ಹೊರಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಸಾಗಣೆ ಪೂರ್ತಿ ನಿಲ್ಲಲಿ.

ಮೂರು: ಗೋದಾಮಿನ ಹಿಂಬದಿಯ ಖಾಲಿ ಕೋಣೆಯಲ್ಲಿ ಎರಡು ಮಂಚ, ಸ್ನಾನಕ್ಕೆ ಬಿಸಿನೀರು, ಒಂದು ಕಕ್ಕಸು ಮಾಡಿಸೋಣ. ನಮ್ಮ ತಡದಿಂದಲೋ ಘಾಟಿ ಮುಚ್ಚಿಯೋ ಲಾರಿ ನಿಂತರೆ ಆ ದಿನದ ಹಾಲ್ಟಿಂಗ್ ಹಣ ಕೊಡೋಣ. ಕಾದದ್ದಕ್ಕೆ ದುಡ್ಡು ಸಿಗುತ್ತದೆಂದು ಗೊತ್ತಾದವನು ಕಳೆದುಹೋದ ಹೊತ್ತನ್ನು ತಿರುವಿನಲ್ಲಿ ಹಿಡಿಯಲು ಹೋಗುವುದಿಲ್ಲ.

ನಾಲ್ಕು: ಕಡಿಮೆ ದರ ಕೂಗಿದವನಿಗೇ ಬಾಡಿಗೆ ಎಂಬ ಪದ್ಧತಿ ಬಿಡೋಣ. ಘಾಟಿ ಬಲ್ಲ ಚಾಲಕರ ಪಟ್ಟಿಯೊಂದನ್ನು ಇಟ್ಟುಕೊಂಡು ಅವರಿಗೆ ಆದ್ಯತೆ ಕೊಡೋಣ. ಹೊಸಬರು ಮೊದಲ ಟ್ರಿಪ್ಪನ್ನು ಬಲ್ಲವರ ಜೊತೆ ಮಾಡಲಿ.

ಇದರಿಂದ ಸಾಗಣೆ ಖರ್ಚು ಚೀಲಕ್ಕೆ ಸ್ವಲ್ಪ ಏರುತ್ತದೆ, ನಿಜ. ಇಪ್ಪತ್ತು ಚೀಲದ ಬೆಳೆಗಾರನಿಗೆ ಯಾವ ಏರಿಕೆಯೂ ಸಣ್ಣದಲ್ಲ. "ಲಾರಿ ಮಾಲೀಕರ ಚಿಂತೆ ನಮಗೇಕೆ, ನಾವು ಸಂಘ ಕಟ್ಟಿದ್ದು ಬೆಳೆಗಾರರಿಗಾಗಿ" ಎಂದು ಒಬ್ಬ ಹಿರಿಯ ಸದಸ್ಯರು ನನ್ನನ್ನು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು, ಉತ್ತರ ಕೊಡಲೇಬೇಕು. ಒಂಟಿಯಾಗಿ ಇಪ್ಪತ್ತು ಚೀಲದವನ ಮಾತಿಗೆ ಲಾರಿ ಮಾಲೀಕ ಕಿವಿಗೊಡುವುದಿಲ್ಲ. ಇನ್ನೂರು ಮಂದಿ ಸೇರಿದರೆ ಹೊರೆಗೂ ಹೊತ್ತಿಗೂ ಷರತ್ತು ಹಾಕಬಹುದು. ಸಹಕಾರವೆಂದರೆ ಇದೇ ಅಲ್ಲವೇ? ಜೊತೆಗೆ, ಉರುಳಿದ ಲಾರಿಯಲ್ಲಿ ಹರಿದು ನೆನೆದ ಚೀಲ ಯಾರದೆಂದು ಗುರುತು ಹಿಡಿಯಲಾಗುವುದಿಲ್ಲ. ನಷ್ಟ ಎಲ್ಲರ ತಲೆಗೂ ಬರುತ್ತದೆ. ಸತ್ತವನ ಮನೆಗೆ ಬರುವ ನಷ್ಟಕ್ಕಂತೂ ಚೀಲದ ಲೆಕ್ಕವಿಲ್ಲ.

ಇನ್ನೊಂದು ಮಾತು ನಮ್ಮ ಊರ ಹುಡುಗರಿಗೆ. ಲಾರಿ ಮಗುಚಿದಾಗ ಮಾಲಿಗೆ ಮುಗಿಬೀಳುವ ಮೊದಲು ಕ್ಯಾಬಿನ್ನಿನಲ್ಲಿ ಯಾರಿದ್ದಾರೆ ನೋಡಿ. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಿದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಹೆದರಿಕೆ ಬೇಡ. ಸದುದ್ದೇಶದಿಂದ ನೆರವಾದವರ ರಕ್ಷಣೆಗೆಂದೇ 2019ರ ತಿದ್ದುಪಡಿಯಲ್ಲಿ 134ಎ ಎಂಬ ಕಲಮನ್ನು ಸೇರಿಸಿದ್ದಾರೆ.

ಸದಸ್ಯರು ಈ ಸಲಹೆಗಳನ್ನು ಓದಿ, ಒಪ್ಪಿದರೂ ಒಪ್ಪದಿದ್ದರೂ, ಮಹಾಸಭೆಗೆ ಮುಂಚೆ ತಮ್ಮ ಅಭಿಪ್ರಾಯವನ್ನು ಕಚೇರಿಗೆ ಬರೆದು ತಿಳಿಸಬೇಕೆಂದು ವಿನಂತಿ. ಅಲ್ಲಿಯವರೆಗೆ ಪ್ರತಿಯೊಬ್ಬರೂ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ಯಾವ ಠರಾವೂ ಬೇಡ. ಈ ಸಲ ನಿಮ್ಮ ಕಣಕ್ಕೆ ಲಾರಿ ಬಂದಾಗ ಚಾಲಕನಿಗೆ ಊಟ ಹಾಕಿ, ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದೆಯಪ್ಪ ಎಂದು ಕೇಳಿ. ಅವನು ಕೊಡುವ ಉತ್ತರವನ್ನು ನೋಡಿ, ಲಾರಿ ಇವತ್ತು ಹೊರಡಬೇಕೋ ನಾಳೆಯೋ ಎಂಬುದನ್ನು ನಿರ್ಧರಿಸಿ.

ಕಾರ್ಯದರ್ಶಿ