ಬರ ಪರಿಹಾರ ಮತ್ತು ಡಿಜಿಟಲ್ ದಾಖಲೆ: ಆಯವ್ಯಯದ ಹಣ ರೈತನ ಖಾತೆ ತಲುಪುವ ಬಗೆ

2025-26ನೇ ಸಾಲಿನ ಕರ್ನಾಟಕ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಆಯವ್ಯಯದಲ್ಲಿ ಅನುದಾನ ಒದಗಿಸುವುದು ಮೊದಲ ಹೆಜ್ಜೆ ಮಾತ್ರ. ಆ ಹಣ ಯಾರ ಖಾತೆಗೆ, ಎಷ್ಟು ಜಮೀನಿಗೆ ಜಮೆಯಾಗಬೇಕೆಂಬುದನ್ನು ಇಂದು ನಿರ್ಧರಿಸುವುದು ಗಣಕೀಕೃತ ದತ್ತಾಂಶ. ಇದಕ್ಕೆ 2023ರ ಬರಗಾಲವೇ ಸ್ಪಷ್ಟ ನಿದರ್ಶನ.

ಆ ವರ್ಷ ಮುಂಗಾರು ಕೈಕೊಟ್ಟಿದ್ದರಿಂದ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ರಾಜ್ಯವು ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯಿಂದ 18,171.44 ಕೋಟಿ ರೂಪಾಯಿ ಕೋರಿತು. ಇದರಲ್ಲಿ ಬೆಳೆ ನಷ್ಟದ ಬಾಬ್ತು 4,663.12 ಕೋಟಿ. ನೆರವು ವಿಳಂಬವಾದಾಗ ರಾಜ್ಯ ತನ್ನ ಬೊಕ್ಕಸದಿಂದಲೇ ಪ್ರತಿ ರೈತನಿಗೆ ಗರಿಷ್ಠ 2,000 ರೂಪಾಯಿಯವರೆಗೆ ಮೊದಲ ಕಂತು ನೀಡಿತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಬಳಿಕ, ಏಪ್ರಿಲ್ ಅಂತ್ಯದಲ್ಲಿ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು.

ಈ ಹಗ್ಗಜಗ್ಗಾಟದ ಒಂದು ಎಳೆ ದತ್ತಾಂಶದ್ದೇ ಆಗಿತ್ತು. ಪರಿಹಾರದ ಅಂದಾಜಿನಲ್ಲಿ ಸಣ್ಣ ಮತ್ತು ಅತಿಸಣ್ಣ ಹಿಡುವಳಿಗಳ ಪಾಲು ಮುಖ್ಯ. ಅದಕ್ಕೆ 2015-16ರ ಕೃಷಿ ಗಣತಿ ಹಳತಾಗಿದೆ, ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದ ಅಂಕಿ-ಅಂಶವನ್ನು ಪರಿಗಣಿಸಬೇಕು ಎಂಬುದು ರಾಜ್ಯದ ವಾದವಾಗಿತ್ತು. ಅಂದರೆ ರೈತನ ನೋಂದಣಿಯು ಅವನೊಬ್ಬನ ಸಬ್ಸಿಡಿಗಷ್ಟೇ ಅಲ್ಲ, ಇಡೀ ರಾಜ್ಯದ ಹಕ್ಕೊತ್ತಾಯಕ್ಕೂ ಆಧಾರವಾಗುತ್ತದೆ.

ಫ್ರೂಟ್ಸ್‌ನಲ್ಲಿ ನೋಂದಾಯಿಸಿದ ರೈತನಿಗೆ ಎಫ್‌ಐಡಿ ಸಂಖ್ಯೆ ದೊರೆಯುತ್ತದೆ. ‘ಭೂಮಿ’ಯ ಪಹಣಿ, ಆಧಾರ್ ಮತ್ತು ಬ್ಯಾಂಕ್ ಖಾತೆ ಅದರಡಿ ಬೆಸೆದುಕೊಳ್ಳುತ್ತವೆ. ಮಳೆಯಾಶ್ರಿತ ಬೆಳೆಗೆ ನಿಯಮದಂತೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರಿಗೆ ಪರಿಹಾರ ಸಲ್ಲುತ್ತದೆ. ಈ ಮಿತಿಯೊಳಗಿನ ರೈತನ ಒಂದು ಎಕರೆ ಎಫ್‌ಐಡಿಗೆ ಸೇರದಿದ್ದರೆ ಸುಮಾರು 3,400 ರೂಪಾಯಿ ಕೈತಪ್ಪುತ್ತದೆ. ಮಧ್ಯವರ್ತಿಗಳ ಹಾವಳಿ ತಗ್ಗಿಸಿದ ಈ ವ್ಯವಸ್ಥೆಯ ಮತ್ತೊಂದು ಮುಖವಿದು.

ಇನ್ನೂ ಆಳವಾದ ತೊಡಕೊಂದಿದೆ. ಬೆಂಗಳೂರಿನ ತಿಲಕ್ ನಗರದಲ್ಲಿ ನೆಲೆಸಿದವರೊಬ್ಬರ ಹೆಸರಿನಲ್ಲಿ ಊರಿನ ಪಹಣಿಯಿದ್ದು, ಆ ಹೊಲವನ್ನು ಊರಿನ ರೈತರೊಬ್ಬರು ಕೋರಿಗೋ ಗುತ್ತಿಗೆಗೋ ಉಳುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಬೀಜ, ಗೊಬ್ಬರ, ದುಡಿಮೆಯ ನಷ್ಟ ಉಳುವವನದು. ಪರಿಹಾರ ಜಮೆಯಾಗುವುದು ಪಹಣಿದಾರನ ಖಾತೆಗೆ. 1974ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಕೆಲವು ವಿನಾಯಿತಿ ಬಿಟ್ಟರೆ ಗೇಣಿ ಪದ್ಧತಿಯನ್ನು ನಿಷೇಧಿಸಿದ್ದರಿಂದ ಇಂತಹ ಒಪ್ಪಂದಗಳು ಬಾಯಿಮಾತಿನಲ್ಲೇ ಉಳಿದಿವೆ. ಕಾಗದದಲ್ಲಿ ಇಲ್ಲದವನು ಗಣಕದಲ್ಲೂ ಇರಲಾರ. ಪೌತಿ ಖಾತೆಯಾಗದೆ ಮೃತರ ಹೆಸರಿನಲ್ಲೇ ಉಳಿದ ಜಮೀನಿನ ವಾರಸುದಾರರ ಪಾಡೂ ಇದೇ. ತಂತ್ರಾಂಶವು ದಾಖಲೆಯ ಲೋಪವನ್ನು ಸರಿಪಡಿಸುವುದಿಲ್ಲ. ಅದನ್ನೇ ವೇಗವಾಗಿ ಕಾರ್ಯರೂಪಕ್ಕಿಳಿಸುತ್ತದೆ.

ಆದ್ದರಿಂದ ಆಯವ್ಯಯವು ತಂತ್ರಾಂಶದ ಜೊತೆಗೆ ದಾಖಲೆ ಶುದ್ಧೀಕರಣಕ್ಕೂ ಹೋಬಳಿ ಮಟ್ಟದ ಸಿಬ್ಬಂದಿಗೂ ಹಣ ಒದಗಿಸಬೇಕು. ಭೂಮಾಲೀಕನ ಒಡೆತನಕ್ಕೆ ಧಕ್ಕೆಯಾಗದಂತೆ, ಪರಿಹಾರ ಮತ್ತು ವಿಮೆಯ ಉದ್ದೇಶಕ್ಕಷ್ಟೇ ಸಾಗುವಳಿದಾರನನ್ನು ದಾಖಲಿಸುವ ದಾರಿಯನ್ನೂ ನೀತಿನಿರೂಪಕರು ಹುಡುಕಬೇಕಿದೆ.

ಅದುವರೆಗೆ ರೈತ ಬಾಂಧವರು ಈ ಕ್ರಮಗಳನ್ನು ಅನುಸರಿಸುವುದು ಸೂಕ್ತ:

• ತಮ್ಮ ಎಲ್ಲ ಸರ್ವೆ ನಂಬರುಗಳೂ ಎಫ್‌ಐಡಿಯಲ್ಲಿ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಪರಿಶೀಲಿಸುವುದು.
• ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.
• ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯನ್ನು ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವುದು.
• ಪೌತಿ ಖಾತೆ ಬಾಕಿಯಿದ್ದಲ್ಲಿ ಗ್ರಾಮ ಆಡಳಿತಾಧಿಕಾರಿಯನ್ನು ಸಂಪರ್ಕಿಸುವುದು.

ಬರ ಬಂದ ಮೇಲೆ ದಾಖಲೆ ಹುಡುಕುವುದಕ್ಕಿಂತ ಬಿತ್ತನೆಗೆ ಮುನ್ನವೇ ಅದನ್ನು ಹಸನುಗೊಳಿಸಿಕೊಳ್ಳುವುದು ಲೇಸು.